ಕಿರುಜೀವಿಗಳ ಅಸ್ಥಿಪಂಜರ: ದಿಲ್ಲಿಯ ಮನೆಯಲ್ಲಿ ಶುಚಿಗೊಳಿಸಿ ಕಾಯ್ದಿಡುವ ಬಗೆ

1978ರ ವಿಶ್ವ ಪರಿಸರ ದಿನದಂದು ದಿಲ್ಲಿಯ ಮಂಡಿ ಹೌಸ್ ಸಮೀಪದ ಫಿಕ್ಕಿ ಕಟ್ಟಡದಲ್ಲಿ ಬಾಗಿಲು ತೆರೆದು, ಮೂರು ದಶಕಗಳಿಗೂ ಮಿಕ್ಕಿದ ಕಾಲ ರಾಜಧಾನಿಯ ಮಕ್ಕಳಿಗೆ ಜೀವಲೋಕದ ಒಳಹೊರಗುಗಳನ್ನು ಕಣ್ಣಾರೆ ಕಾಣಿಸುತ್ತ ಬಂದಿದ್ದ ರಾಷ್ಟ್ರೀಯ ಪ್ರಾಕೃತಿಕ ಇತಿಹಾಸ ವಸ್ತುಸಂಗ್ರಹಾಲಯವು 2016ರ ಏಪ್ರಿಲ್ 26ರ ನಸುಕಿನಲ್ಲಿ ಅಗ್ನಿಗೆ ಆಹುತಿಯಾಯಿತು. ಮೈಸೂರಿನ ಕಾರಂಜಿ ಕೆರೆಯ ದಂಡೆಯಲ್ಲಿ 1995ರಲ್ಲಿ ಆರಂಭವಾದ ಅದರ ಪ್ರಾದೇಶಿಕ ಸಂಗ್ರಹಾಲಯವು ಇಂದಿಗೂ ಇರುವುದರಿಂದ, ಬೇಸಗೆಯ ರಜೆಯಲ್ಲಿ ಊರಿಗೆ ಹೋಗುವ ದಿಲ್ಲಿಯ ಕನ್ನಡ ಮಕ್ಕಳು ಅಲ್ಲಿಯಾದರೂ ಪ್ರಾಣಿಶರೀರದ ರಚನೆಯನ್ನು ನೋಡಿ ಬರಬಹುದು. ಆದರೆ ಗಾಜಿನ ಆಚೆಗಿರುವುದನ್ನು ನೋಡುವುದಕ್ಕೂ, ಒಂದು ಬೆನ್ನುಮೂಳೆಯ ಮಣಿಯನ್ನು ಅಂಗೈಯಲ್ಲಿರಿಸಿಕೊಂಡು ಅದರ ಮುಂದಿನ ಮಣಿ ಯಾವುದಿರಬಹುದೆಂದು ಹುಡುಕುವುದಕ್ಕೂ ಬಹಳ ಅಂತರವುಂಟು. ಪದವಿ ತರಗತಿಗಳಲ್ಲಿ ಪ್ರಾಣಿಗಳನ್ನು ಕೊಯ್ದು ನೋಡುವ ಪದ್ಧತಿಯನ್ನು ವಿಶ್ವವಿದ್ಯಾನಿಲಯ ಅನುದಾನ ಆಯೋಗವು 2014ರಲ್ಲಿ ನಿಲ್ಲಿಸಹೇಳಿದುದು ನ್ಯಾಯವಾದ ನಿರ್ಣಯವೆಂದೇ ನನ್ನ ಅಭಿಪ್ರಾಯ. ಕಲಿಕೆಗೋಸ್ಕರ ಯಾವ ಜೀವವನ್ನೂ ಕೊಲ್ಲಬೇಕಾಗಿಲ್ಲ. ತಾನಾಗಿ ಸತ್ತ, ಅಥವಾ ಅಡುಗೆಗೆಂದು ಅಂಗಡಿಯಲ್ಲಿ ಮಾರುವ ಪ್ರಾಣಿಯ ಎಲುಬುಗಳನ್ನು ವಿಧಿವತ್ತಾಗಿ ಶುಚಿಗೊಳಿಸಿ ಇಟ್ಟುಕೊಳ್ಳುವ ವಿದ್ಯೆಯೊಂದು ಗೊತ್ತಿದ್ದರೆ, ಅಂಗರಚನೆಯ ಪಾಠದ ಬಹುಭಾಗ ಮನೆಯ ಮೇಜಿನ ಮೇಲೆಯೇ ನಡೆಯುತ್ತದೆ.

ಈ ವಿದ್ಯೆ ನಮ್ಮ ದೇಶಕ್ಕೆ ಹೊಸದೇನೂ ಅಲ್ಲ. ಸುಶ್ರುತಸಂಹಿತೆಯ ಶಾರೀರಸ್ಥಾನದ ಐದನೆಯ ಅಧ್ಯಾಯದಲ್ಲಿ, ಶರೀರಜ್ಞಾನವನ್ನು ಬಯಸುವ ವೈದ್ಯನು ಮೃತದೇಹವನ್ನು ಮುಂಜ, ಕುಶ, ಸೆಣಬು ಮೊದಲಾದವುಗಳಿಂದ ಸುತ್ತಿ, ಪಂಜರದೊಳಗಿರಿಸಿ, ಜನರ ಕಣ್ಣಿಗೆ ಬೀಳದ ಎಡೆಯಲ್ಲಿ ಮೆಲ್ಲಗೆ ಹರಿಯುವ ನೀರಿನಲ್ಲಿ ಕೊಳೆಯಿಸಿ, ಏಳು ರಾತ್ರಿಗಳ ತರುವಾಯ ಹೊರತೆಗೆದು, ಲಾವಂಚದ ಬೇರು, ಕೂದಲು, ಬಿದಿರು ಇವುಗಳಿಂದ ಮಾಡಿದ ಕುಂಚದಿಂದ ಮೆಲ್ಲಮೆಲ್ಲನೆ ಉಜ್ಜುತ್ತ ಒಂದೊಂದು ಪದರವನ್ನೂ ನೋಡತಕ್ಕದ್ದೆಂಬ ವಿಧಿಯುಂಟು. ಪಂಜರವೇಕೆಂದರೆ ಮೀನು, ಆಮೆಗಳು ಅಂಗಗಳನ್ನು ಕಿತ್ತೊಯ್ಯದಿರಲೆಂದು. ಸುತ್ತುವುದೇಕೆಂದರೆ ಸಣ್ಣ ಭಾಗಗಳು ಚದರಿಹೋಗದಿರಲೆಂದು. ಕುಂಚವು ಮೃದುವಾಗಿರುವುದೇಕೆಂದರೆ ಲೋಹದ ಅಲಗು ಕಾಣಬೇಕಾದುದನ್ನೇ ಕತ್ತರಿಸಿಬಿಡುವುದರಿಂದ. ಇಂದಿಗೂ ಲೋಕದ ವಸ್ತುಸಂಗ್ರಹಾಲಯಗಳಲ್ಲಿ ನೀರಿನಲ್ಲಿ ಕೊಳೆಯಿಸುವ ಕ್ರಮವು ನಡೆದುಬಂದಿರುವುದು ಈ ಮೂರು ಎಚ್ಚರಿಕೆಗಳ ಆಧಾರದ ಮೇಲೆಯೇ. ಸುಶ್ರುತನು ನದಿಯನ್ನು ಬಳಸಿದನು, ನಾವು ಮುಚ್ಚಳವುಳ್ಳ ಬಕೆಟ್ಟನ್ನು ಬಳಸುತ್ತೇವೆ ಎಂಬುದಷ್ಟೇ ಭೇದ.

ಆದರೆ ಬಕೆಟ್ಟನ್ನು ತರುವುದಕ್ಕೆ ಮೊದಲು, ಯಾವ ಪ್ರಾಣಿಯನ್ನು ಮುಟ್ಟಬಹುದು, ಯಾವುದನ್ನು ಮುಟ್ಟಕೂಡದು ಎಂಬ ಪ್ರಶ್ನೆಯನ್ನು ತೀರ್ಮಾನಿಸಿಕೊಳ್ಳಬೇಕು. ಇದರಲ್ಲಿ ಅಲಕ್ಷ್ಯ ಮಾಡಿದವರು ಸದುದ್ದೇಶದಿಂದಲೇ ಅಪರಾಧಿಗಳಾಗಬಲ್ಲರು. 1972ರ ವನ್ಯಜೀವಿ ಸಂರಕ್ಷಣಾ ಅಧಿನಿಯಮದ 39ನೆಯ ಪ್ರಕರಣದಂತೆ, ಅನುಸೂಚಿಗಳಲ್ಲಿ ಸೇರಿದ ವನ್ಯಪ್ರಾಣಿಯು ಸತ್ತು ಸಿಕ್ಕಿದರೂ ಅದು ಸರ್ಕಾರದ ಸ್ವತ್ತು; ಅದು ಕೈಗೆ ಬಂದವರು 48 ಗಂಟೆಗಳೊಳಗಾಗಿ ಹತ್ತಿರದ ಪೊಲೀಸ್ ಠಾಣೆಗಾಗಲಿ ಅಧಿಕೃತ ಅಧಿಕಾರಿಗಾಗಲಿ ವರದಿಮಾಡಿ ಒಪ್ಪಿಸತಕ್ಕದ್ದು. ಜವಾಹರಲಾಲ್ ನೆಹರೂ ವಿಶ್ವವಿದ್ಯಾನಿಲಯದ ಆವರಣದಲ್ಲಿಯೋ ಸಂಜಯ ವನದಲ್ಲಿಯೋ ಸತ್ತುಬಿದ್ದ ನವಿಲು, ಗಾಳಿಪಟದ ಮಾಂಜಾ ದಾರಕ್ಕೆ ರೆಕ್ಕೆ ಸಿಕ್ಕಿ ಮಡಿದ ಹದ್ದು, ತೋಟದ ಗಿಳಿ, ಮುಂಗುಸಿ, ಉಡ, ಇವಾವುವೂ ನಮ್ಮ ಅಭ್ಯಾಸಕ್ಕೆ ಸಲ್ಲತಕ್ಕವಲ್ಲ. ತಾನಾಗಿ ಉದುರಿದ ನವಿಲುಗರಿಯನ್ನು ಇಟ್ಟುಕೊಳ್ಳಬಹುದೆಂಬುದನ್ನು ಕೇಳಿದವರು ಅದರ ಎಲುಬಿಗೂ ಅದೇ ನಿಯಮವೆಂದು ಭಾವಿಸುವುದುಂಟು; ಅದು ತಪ್ಪು. 2022ರ ತಿದ್ದುಪಡಿಯಿಂದ ಅನುಸೂಚಿಗಳು ಪುನಾರಚನೆಗೊಂಡು 2023ರ ಏಪ್ರಿಲ್ 1ರಿಂದ ಜಾರಿಗೆ ಬಂದಿರುವುದರಿಂದ, ಹಳೆಯ ಪುಸ್ತಕಗಳ ಪಟ್ಟಿಯನ್ನು ನಂಬಿಕೊಂಡು ಇದು ಸಾಮಾನ್ಯ ಪ್ರಾಣಿ, ಅಡ್ಡಿಯಿಲ್ಲ ಎನ್ನುವುದೂ ಸಲ್ಲದು. ಮನೆಮಂದಿಗೆ ನಾನು ಹೇಳುವ ಸೂತ್ರ ಸರಳವಾದುದು: ಬಯಲಿನಲ್ಲಿ ಸ್ವತಂತ್ರವಾಗಿ ಬಾಳಿದ ಯಾವ ಹಕ್ಕಿಯನ್ನೂ ಮೃಗವನ್ನೂ ತರಬಾರದು, ಅಳಿಲಾದರೂ ಸರಿ. ಗಾಯಗೊಂಡು ಇನ್ನೂ ಜೀವ ಹಿಡಿದಿರುವ ಹಕ್ಕಿಗಳಿಗೆ ಕೆಂಪು ಕೋಟೆಯ ಎದುರಿನ ಜೈನ ಲಾಲ್ ಮಂದಿರದ ಪಕ್ಷಿಚಿಕಿತ್ಸಾಲಯವಿದೆ.

ರೋಗದ ಭಯವೂ ಕಾಲ್ಪನಿಕವಾದುದಲ್ಲ. 2021ರ ಜನವರಿಯಲ್ಲಿ ದಿಲ್ಲಿಯ ಸಂಜಯ ಸರೋವರದ ಬಾತುಗಳಲ್ಲಿಯೂ ಕಾಗೆಗಳಲ್ಲಿಯೂ ಹಕ್ಕಿಜ್ವರ ಕಂಡುಬಂದು, ಗಾಜೀಪುರದ ಕೋಳಿ ಮಾರುಕಟ್ಟೆಯನ್ನೇ ಕೆಲವು ದಿನ ಮುಚ್ಚಬೇಕಾಯಿತು. ಅಂತಹ ವಾರ್ತೆ ಬಂದಿರುವ ಕಾಲದಲ್ಲಿ ಯಾವ ಪಕ್ಷಿಶರೀರವನ್ನೂ ಈ ಕೆಲಸಕ್ಕಾಗಿ ಮನೆಗೆ ತರಕೂಡದು. ಇಲಿಯ ಮೂತ್ರದಿಂದ ಇಲಿಜ್ವರವು ಹರಡುತ್ತದೆ. ಬಾವಲಿ, ನಾಯಿ, ಕೋತಿಗಳಲ್ಲಿ ರೇಬೀಸಿನ ಶಂಕೆಯಿರುವುದರಿಂದ ಅವುಗಳ ಗೊಡವೆಯೇ ಬೇಡ. ಕಾರಣ ತಿಳಿಯದೆ ಮೂಲೆಯಲ್ಲಿ ಸತ್ತಿರುವ ಇಲಿಯನ್ನು ಪಾಷಾಣ ತಿಂದು ಸತ್ತುದೆಂದೇ ಎಣಿಸಿ ಬಿಟ್ಟುಬಿಡಬೇಕು. ಝಿಂಕ್ ಫಾಸ್ಫೈಡ್ ತಿಂದ ಇಲಿಯ ಹೊಟ್ಟೆಯನ್ನು ಬಿಚ್ಚಿದಾಗ ಹೊರಡುವ ಅನಿಲವು ಮನುಷ್ಯನಿಗೂ ವಿಷ. ದಪ್ಪ ರಬ್ಬರಿನ ಕೈಗವಸು, ಮುಖಗವಸು, ಕೆಲಸದ ಬಳಿಕ ಸೋಪಿನಿಂದ ಕೈತೊಳೆಯುವುದು, ಮಕ್ಕಳಿಗೆ ಎಲುಬು ಪೂರ್ಣ ಶುಚಿಯಾದ ಮೇಲೆಯೇ ಪ್ರವೇಶ: ಇವುಗಳಲ್ಲಿ ರಿಯಾಯಿತಿಯಿಲ್ಲ. ಅಡುಗೆಮನೆಯ ಒಂದು ಚಮಚವೂ ಇತ್ತ ಬರಬಾರದು. ಮಡಿಯ ಆಚಾರವುಳ್ಳ ಮನೆಗಳಲ್ಲಿ ಹಿರಿಯರ ಒಪ್ಪಿಗೆಯನ್ನು ಮೊದಲೇ ಪಡೆದು, ಬಾಲ್ಕನಿಯ ಒಂದು ಮೂಲೆಯನ್ನೋ ಮಾಳಿಗೆಯ ಬರಸಾತಿಯ ಹೊರಭಾಗವನ್ನೋ ಇದಕ್ಕೆಂದೇ ಮೀಸಲಿಡುವುದು ಲೇಸು. ಕದ್ದುಮುಚ್ಚಿ ಮಾಡುವ ಕೆಲಸವನ್ನು ಅದರ ನಾತವೇ ಬಯಲುಮಾಡುತ್ತದೆ.

ಹಾಗಾದರೆ ಯಾವುದರಿಂದ ಆರಂಭಿಸಬೇಕು? ಚಿತ್ತರಂಜನ್ ಪಾರ್ಕಿನ ಮೀನಿನ ಅಂಗಡಿಯಲ್ಲಿಯೋ ಐಎನ್‌ಎ ಮಾರುಕಟ್ಟೆಯಲ್ಲಿಯೋ ದೊರೆಯುವ ರೋಹು ಮೀನಿನ ತಲೆಯಿಂದ ಎಂಬುದು ನನ್ನ ಸಲಹೆ. ರೋಹುವಿನ ಬಾಯಿಯೊಳಗೆ ಬೆರಳಿಟ್ಟು ನೋಡಿದರೆ ದವಡೆಯಲ್ಲಿ ಒಂದು ಹಲ್ಲೂ ಸಿಕ್ಕದು, ಹಲ್ಲುಗಳಿರುವುದು ಗಂಟಲಿನಲ್ಲಿ. ಕಿವಿರುಗಳ ಹಿಂದೆ ಅಡಗಿರುವ ಕುಡುಗೋಲಿನಾಕಾರದ ಜೋಡಿ ಎಲುಬುಗಳ ಮೇಲೆ, ತುದಿ ಚಪ್ಪಟೆಯಾಗಿ ಸವೆದ ಆ ಹಲ್ಲುಗಳು ಸಾಲುಗಟ್ಟಿ ನಿಂತು, ಮೇಲಿನ ಗಟ್ಟಿ ತಟ್ಟೆಗೆ ಒತ್ತಿ ಸಸ್ಯಾಹಾರವನ್ನು ಅರೆಯುತ್ತವೆ. ಮೀನುಗಾರನು ಕಿವಿರನ್ನು ಕಿತ್ತೆಸೆಯುವಾಗ ಈ ಎಲುಬುಗಳೂ ಅದರೊಡನೆ ಹೋಗಿಬಿಡುವುದರಿಂದ, ತಲೆಯನ್ನು ಇಡಿಯಾಗಿ ಕೊಡುವಂತೆ ಮೊದಲೇ ಹೇಳಬೇಕು. ಮೀನಿನ ತಲೆಯು ಹತ್ತಾರು ತೆಳುವಾದ ಎಲುಬುಗಳಾಗಿ ಬಿಡಿಬಿಡಿಯಾಗುವುದರಿಂದ ಅದನ್ನು ಮರಳಿ ಜೋಡಿಸುವುದು ಕಷ್ಟ. ಆದರೆ ಒಂದು ಕಪ್ಪು ಹಲಗೆಯ ಮೇಲೆ ಎಡ ಬಲಗಳನ್ನು ಸಾಲಾಗಿ ಹರಡಿ ಅಂಟಿಸಿದರೂ ಸೊಗಸಾದ ಪಾಠವಾಗುತ್ತದೆ.

ಕೋಳಿಯನ್ನು ತರುವವರು ಬ್ರಾಯ್ಲರನ್ನು ತರಬಾರದೆಂಬ ಮಾತು ಇಲ್ಲಿ ಹೇಳಬೇಕು. ಅಂಗಡಿಯ ಬ್ರಾಯ್ಲರ್ ಐದಾರು ವಾರಗಳ ಎಳೆಯ ಹಕ್ಕಿ; ಅದರ ಎಲುಬುಗಳ ತುದಿಗಳು ಇನ್ನೂ ಮೃದ್ವಸ್ಥಿಯಾಗಿಯೇ ಇರುವುದರಿಂದ ನೀರಿನಲ್ಲಿ ಅವು ಕರಗಿಹೋಗಿ, ಕೀಲುಗಳಿಲ್ಲದ ಬೊಂಡುಗಳು ಮಾತ್ರ ಉಳಿಯುತ್ತವೆ. ಮೊಟ್ಟೆಯಿಟ್ಟು ಮುದಿಯಾದ ಹೇಂಟೆಯ ಅಸ್ಥಿಗಳೇ ಗಟ್ಟಿ. ಸಾಕಿದ ಮೊಲವು ಸತ್ತು, ಅದನ್ನು ಮಣ್ಣುಮಾಡುವ ಬದಲು ಹೀಗೆ ಉಳಿಸಿಕೊಳ್ಳಲು ಮನೆಯವರ ಮನಸ್ಸು ಒಪ್ಪುವುದಾದರೆ ಅದು ಅತ್ಯುತ್ತಮ. ಮನೆಯವರು ಹೇಗಿದ್ದರೂ ಇಟ್ಟ ಬೋನಿಗೆ ಬಿದ್ದು ಸತ್ತ ಇಲಿಯು ಕಡೆಯ ಆಯ್ಕೆ. ಅಸ್ಥಿಪಂಜರಕ್ಕೋಸ್ಕರ ಬೋನಿಡುವುದಂತೂ ಸರ್ವಥಾ ಕೂಡದು.

ಚಾಕುವನ್ನು ಹಿಡಿಯುವ ಮೊದಲು ಪೆನ್ಸಿಲನ್ನು ಹಿಡಿಯಬೇಕು. ಪ್ರಾಣಿ ಯಾವುದು, ದೊರೆತ ತಾರೀಖು ಯಾವುದು, ಸ್ಥಳ ಯಾವುದು, ಹೇಗೆ ಸತ್ತಿತು ಅಥವಾ ಎಲ್ಲಿ ಕೊಂಡದ್ದು, ಗಂಡೋ ಹೆಣ್ಣೋ, ಮೂಗಿನ ತುದಿಯಿಂದ ಬಾಲದ ಬುಡದವರೆಗೆ ಉದ್ದವೆಷ್ಟು, ತೂಕವೆಷ್ಟು ಎಂಬುದನ್ನು ಒಂದು ಪುಸ್ತಕದಲ್ಲಿ ಬರೆದು, ಅದೇ ಕ್ರಮಸಂಖ್ಯೆಯ ಚೀಟಿಯೊಂದನ್ನು ದಪ್ಪ ಕಾಗದದಲ್ಲಿ ಮಾಡಿ ಪಾತ್ರೆಯೊಳಗೇ ಇಡತಕ್ಕದ್ದು. ಪೆನ್ಸಿಲಿನ ಬರಹವು ನೀರಿನಲ್ಲಿ ಅಳಿಯದು. ಬಾಲ್‌ಪೆನ್ನಿನ ಶಾಯಿ ಹರಡಿಹೋಗುತ್ತದೆ. ತಾರೀಖು ಸ್ಥಳಗಳ ಲೇಖವಿಲ್ಲದ ಎಲುಬು ಎಷ್ಟು ಬೆಳ್ಳಗಿದ್ದರೂ ಅಲಂಕಾರದ ವಸ್ತುವೇ ಹೊರತು ಜ್ಞಾನದ ವಸ್ತುವಲ್ಲ. ಕಾನೂನಿನ ದೃಷ್ಟಿಯಿಂದಲೂ, ಯಾರಾದರೂ ಪ್ರಶ್ನಿಸಿದರೆ ತೋರಿಸಲು ನಮ್ಮಲ್ಲಿರುವುದು ಆ ಪುಸ್ತಕವೊಂದೇ.

ಇನ್ನು ಮುಖ್ಯ ಕಾರ್ಯ. ಚರ್ಮವನ್ನು ಸುಲಿದು, ಒಳಗಿನ ಅಂಗಗಳನ್ನು ತೆಗೆದು, ದಪ್ಪ ಮಾಂಸವನ್ನು ಮಾತ್ರ ಕತ್ತರಿಯಿಂದ ಕಳೆದು, ಎಲುಬಿಗೆ ಅಂಟಿದುದನ್ನು ಹಾಗೆಯೇ ಬಿಡಬೇಕು. ಅದನ್ನು ಕೆರೆಯಹೊರಟರೆ ಅಲಗಿನ ಗೀರುಗಳು ಎಲುಬಿನಲ್ಲಿ ಶಾಶ್ವತವಾಗಿ ನಿಲ್ಲುತ್ತವೆ. ಎಡ ಮುಂಗಾಲು, ಬಲ ಮುಂಗಾಲು, ಎಡ ಹಿಂಗಾಲು, ಬಲ ಹಿಂಗಾಲು, ಬಾಲ, ತಲೆ, ಮುಂಡ, ಹೀಗೆ ಬೇರೆಬೇರೆಯಾಗಿ ಸೊಳ್ಳೆಪರದೆಯ ಬಟ್ಟೆಯ ಸಣ್ಣ ಸಂಚಿಗಳಲ್ಲಿ ಹಾಕಿ, ಪ್ರತಿಯೊಂದರೊಳಗೂ ಗುರುತಿನ ಚೀಟಿಯಿಟ್ಟು ಬಾಯಿ ಕಟ್ಟತಕ್ಕದ್ದು. ಇಲಿಯ ಒಂದು ಪಾದದಲ್ಲಿರುವ ಎಲುಬುಗಳು ಸಾಸಿವೆಯಿಂದ ಅಕ್ಕಿಯ ಗಾತ್ರದವರೆಗೆ ಇರುವುದರಿಂದ, ನಾಲ್ಕು ಪಾದಗಳೂ ಒಂದೇ ಪಾತ್ರೆಯಲ್ಲಿ ಬೆರೆತವೆಂದರೆ ಅವನ್ನು ವಿಂಗಡಿಸುವುದು ಪರಿಣತರಿಗೂ ದುಸ್ತರ. ಒಂದು ರಾತ್ರಿ ತಣ್ಣೀರಿನಲ್ಲಿ ನೆನೆಸಿ ರಕ್ತವನ್ನು ಬಿಡಿಸಿ, ಆ ನೀರನ್ನು ಚೆಲ್ಲಿ, ಹೊಸ ನೀರನ್ನು ತುಂಬಿ, ಮುಚ್ಚಳವನ್ನು ಬಿಗಿಯದೆ ಮೇಲಿರಿಸಿ ಬಿಟ್ಟರೆ ಉಳಿದ ಕೆಲಸವನ್ನು ಮಾಡುವವು ಕಣ್ಣಿಗೆ ಕಾಣದ ಬ್ಯಾಕ್ಟೀರಿಯಗಳು. ನೀರು ಮೋಡಗಟ್ಟಿ, ದುರ್ಗಂಧವೆದ್ದು, ಮೇಲೆ ಕೆನೆಗಟ್ಟಿತೆಂದರೆ ಕೆಲಸ ಸರಿಯಾಗಿ ನಡೆಯುತ್ತಿದೆಯೆಂದು ತಿಳಿಯಬೇಕು. ನಾತಕ್ಕೆ ಹೇಸಿ ಎಲ್ಲ ನೀರನ್ನೂ ಒಮ್ಮೆಗೇ ಬದಲಾಯಿಸಿದರೆ ಆ ಸೂಕ್ಷ್ಮಜೀವಿಗಳ ಸಂಸಾರವೇ ಕೊಚ್ಚಿಹೋಗಿ ಕೆಲಸ ಮತ್ತೆ ಮೊದಲಿನಿಂದ ಆರಂಭವಾಗುತ್ತದೆ; ಆದ್ದರಿಂದ ನಾಲ್ಕೈದು ದಿನಗಳಿಗೊಮ್ಮೆ ಅರ್ಧದಷ್ಟನ್ನು ಮಾತ್ರ ಸಣ್ಣ ಕಣ್ಣಿನ ಜರಡಿಯ ಮೂಲಕ ಬಸಿದು, ಅಷ್ಟೇ ನೀರನ್ನು ತುಂಬಬೇಕು. ಬಸಿದ ನೀರು ಶೌಚಾಲಯಕ್ಕೆ ಹೋಗತಕ್ಕದ್ದೇ ಹೊರತು ಮಳೆನೀರಿನ ಚರಂಡಿಗಲ್ಲ. ದಿಲ್ಲಿಯ ಚರಂಡಿಗಳೆಲ್ಲ ಕಡೆಗೆ ಯಮುನೆಯನ್ನೇ ಸೇರುತ್ತವೆ.

ಈ ಬ್ಯಾಕ್ಟೀರಿಯಗಳಿಗೆ ಮೂವತ್ತರಿಂದ ಮೂವತ್ತೇಳು ಡಿಗ್ರಿ ಸೆಲ್ಸಿಯಸಿನ ಉಷ್ಣತೆ ಅತ್ಯಂತ ಹಿತಕರವಾದುದು. ಶೀತದೇಶಗಳವರು ಇದಕ್ಕಾಗಿ ವಿದ್ಯುತ್ ಕಾವನ್ನು ಆಶ್ರಯಿಸಬೇಕು. ದಿಲ್ಲಿಯ ಋತುಚಕ್ರವು ವರ್ಷದಲ್ಲಿ ಹಲವು ತಿಂಗಳು ಇದನ್ನು ಉಚಿತವಾಗಿ ಒದಗಿಸುತ್ತದೆ. ಏಪ್ರಿಲ್ ತಿಂಗಳಿನಿಂದ ಸೆಪ್ಟೆಂಬರಿನವರೆಗೆ ನೆರಳಿನಲ್ಲಿಟ್ಟ ಬಕೆಟ್ಟಿನಲ್ಲಿ ಇಲಿಯಂತಹ ಪ್ರಾಣಿಯ ಮಾಂಸವು ಒಂದರಿಂದ ಮೂರು ವಾರಗಳಲ್ಲಿ ಪೂರ್ಣವಾಗಿ ಕಳಚಿಕೊಳ್ಳುತ್ತದೆ. ಆದರೆ ಮೇ ಜೂನ್ ತಿಂಗಳುಗಳಲ್ಲಿ, ಹೊರಗಿನ ಉಷ್ಣತೆ ನಲವತ್ತನ್ನು ದಾಟಿ ಲೂ ಎಂಬ ಬಿಸಿಗಾಳಿ ಬೀಸುವಾಗ, ಮಾಳಿಗೆಯ ಬಿಸಿಲಿನಲ್ಲಿಟ್ಟ ಕಪ್ಪು ಬಕೆಟ್ಟಿನ ನೀರು ಬ್ಯಾಕ್ಟೀರಿಯಗಳನ್ನೇ ಕೊಲ್ಲುವಷ್ಟು ಕಾಯುವುದರಿಂದ, ಉತ್ತರದ ಗೋಡೆಯ ನೆರಳೇ ಯೋಗ್ಯ. ಡಿಸೆಂಬರ್ ಜನವರಿಗಳಲ್ಲಿ ರಾತ್ರಿಯ ಉಷ್ಣತೆ ಐದಾರು ಡಿಗ್ರಿಗೆ ಇಳಿದಾಗ ಕೊಳೆಯುವ ಕ್ರಿಯೆ ನಿಂತೇಹೋದಂತಾಗಿ, ಕೊಬ್ಬು ಸಾಬೂನಿನಂತೆ ಗಟ್ಟಿಯಾಗಿ ಎಲುಬಿಗೆ ಹತ್ತಿಕೊಳ್ಳುತ್ತದೆ; ಆ ಕಾಲದಲ್ಲಿ ಹೊಸ ಕೆಲಸವನ್ನು ತೊಡಗದಿರುವುದೇ ವಿವೇಕ. ಮಳೆಗಾಲದಲ್ಲಿ ಇನ್ನೊಂದು ಎಚ್ಚರ. ತೆರೆದ ನೀರಿನಲ್ಲಿ ಸೊಳ್ಳೆ ಮೊಟ್ಟೆಯಿಡುತ್ತದೆ, ನಗರಪಾಲಿಕೆಯ ತಪಾಸಕರು ಮನೆಮನೆಗೆ ಬಂದು ಹೂದಾನಿಯ ತಟ್ಟೆಯನ್ನೂ ಇಣುಕಿ ನೋಡುತ್ತಾರೆ. ಆದ್ದರಿಂದ ಸಡಿಲವಾದ ಮುಚ್ಚಳದ ಕೆಳಗೆ ಒತ್ತಾದ ಬಲೆಬಟ್ಟೆಯೊಂದನ್ನು ದಾರದಿಂದ ಬಿಗಿದು ಕಟ್ಟಬೇಕು. ನೊಣಕ್ಕೂ ಅದೇ ತಡೆ.

ಕುದಿಸಿದರೆ ಒಂದು ಗಂಟೆಯಲ್ಲಿ ಮುಗಿಯುವ ಕೆಲಸಕ್ಕೆ ಮೂರು ವಾರಗಳೇಕೆ ಎಂದು ಕೇಳುವವರಿಗೆ ಸ್ಪಷ್ಟವಾದ ಉತ್ತರವುಂಟು. ಕುದಿಯುವ ನೀರು ಕೊಬ್ಬನ್ನು ಎಲುಬಿನ ರಂಧ್ರಗಳೊಳಕ್ಕೆ ಓಡಿಸುತ್ತದೆ, ಎಲುಬಿಗೆ ಬಿಗಿಯನ್ನು ಕೊಡುವ ಕಾಲಜನ್ ಎಂಬ ದ್ರವ್ಯವನ್ನು ಕರಗಿಸುತ್ತದೆ, ಬುರುಡೆಯ ಸಂಧಿಗಳನ್ನು ಬಿಡಿಸುತ್ತದೆ, ಹಲ್ಲುಗಳನ್ನು ಸೀಳುತ್ತದೆ. ಮಣ್ಣಿನಲ್ಲಿ ಹೂಳುವ ಕ್ರಮವು ನಿರಾಯಾಸವಾದುದಾದರೂ, ಸಣ್ಣ ಎಲುಬುಗಳು ಮಾಯವಾಗಿ, ಉಳಿದವು ಮಣ್ಣಿನ ಕಂದುಬಣ್ಣವನ್ನು ಹೀರಿ ಬರುತ್ತವೆ. ಹೂಳಲೇಬೇಕಾದರೆ ಬಲೆಬಟ್ಟೆಯಲ್ಲಿ ಸುತ್ತಿ ಮರಳು ತುಂಬಿದ ಕುಂಡದಲ್ಲಿ ಹೂಳಬೇಕು. ಇರುವೆಗಳು ಮಾಂಸದೊಡನೆ ಬೆರಳೆಲುಬುಗಳನ್ನೂ ಹೊತ್ತೊಯ್ಯುತ್ತವೆ. ದೊಡ್ಡ ಸಂಗ್ರಹಾಲಯಗಳಲ್ಲಿ ಡರ್ಮೆಸ್ಟಿಡ್ ಎಂಬ ಜಾತಿಯ ಜೀರುಂಡೆಗಳನ್ನು ಸಾಕಿ, ಒಣಗಿಸಿದ ಮಾಂಸವನ್ನು ಅವುಗಳಿಂದ ತಿನ್ನಿಸಿ, ಕೀಲುಗಳು ಕಳಚದಂತೆ ಅಸ್ಥಿಪಂಜರವನ್ನು ಪಡೆಯುವ ಪದ್ಧತಿಯುಂಟು. ಸೂಕ್ಷ್ಮವಾದ ಫಲಕ್ಕೆ ಇದಕ್ಕಿಂತ ಮಿಗಿಲಾದುದಿಲ್ಲ. ಆದರೆ ಆ ಹುಳುಗಳಿಗೆ ಚರ್ಮ, ಗರಿ, ಉಣ್ಣೆ ಎಲ್ಲವೂ ಆಹಾರ. ಚಳಿಗಾಲದ ರಜಾಯಿ ಶಾಲುಗಳು ಪೆಟ್ಟಿಗೆಯಲ್ಲಿರುವ ದಿಲ್ಲಿಯ ಸಂಸಾರವು ಅವುಗಳನ್ನು ತಿಳಿದೂ ತಿಳಿದೂ ಮನೆಯೊಳಕ್ಕೆ ಕರೆಯಬಾರದು.

ಸಂಚಿಯನ್ನು ಎತ್ತಿ ಅಲುಗಿಸಿದಾಗ ಮಾಂಸದ ಎಳೆಯಿಲ್ಲದೆ ಎಲುಬುಗಳು ಕಲಕಲ ಸದ್ದು ಮಾಡಿದರೆ ಕೊಳೆಯುವಿಕೆ ಮುಗಿಯಿತು. ಹಳೆಯ ಮೃದುವಾದ ಹಲ್ಲುಜ್ಜುವ ಬ್ರಷ್ಷಿನಿಂದ ತೊಳೆದು, ಬುರುಡೆಯೊಳಗಿನ ಮೆದುಳಿನ ಶೇಷವನ್ನು ತಂತಿಯಿಂದ ಕೆದಕದೆ, ಪಿಚಕಾರಿಯಿಂದ ನೀರು ಹಾಯಿಸಿ ಕುಲುಕಿ ತೆಗೆಯಬೇಕು. ಮೂಗಿನ ಒಳಗಿನ ಸುರುಳಿ ಎಲುಬುಗಳು ಈರುಳ್ಳಿಯ ಸಿಪ್ಪೆಗಿಂತಲೂ ತೆಳುವಾದವು, ತಂತಿ ತಗಲಿದೊಡನೆ ಮುರಿಯುತ್ತವೆ.

ಹೆಚ್ಚಿನವರು ಕೈಸೋಲುವುದು ಇದಾದ ಮೇಲಿನ ಹಂತದಲ್ಲಿ. ಶುಚಿಯಾಗಿ ಕಂಡ ಎಲುಬಿನ ಒಡಲಲ್ಲಿ ಇನ್ನೂ ಕೊಬ್ಬಿರುತ್ತದೆ. ಅದನ್ನು ತೆಗೆಯದೆ ಬಿಳುಪುಗೊಳಿಸಿ ಕಪಾಟಿನಲ್ಲಿಟ್ಟರೆ, ಮುಂದಿನ ಬೇಸಗೆ ಬರುತ್ತಲೇ ಎಲುಬು ಬೆವರಿದಂತಾಗಿ, ಹಳದಿಯ ಜಿಡ್ಡು ಮೇಲಕ್ಕೆ ಬಂದು, ಧೂಳು ಅದಕ್ಕೆ ಮೆತ್ತಿ ಕಪ್ಪಾಗುತ್ತದೆ. ಪಾತ್ರೆ ತೊಳೆಯುವ ದ್ರವಸಾಬೂನನ್ನು ಬೆಚ್ಚಗಿನ ನೀರಿಗೆ ಬೆರೆಸಿ, ಎಲುಬುಗಳನ್ನು ಅದರಲ್ಲಿ ಮುಳುಗಿಸಿ, ನೀರು ಮಬ್ಬಾದಾಗಲೆಲ್ಲ ಬದಲಾಯಿಸುತ್ತ ಹೋಗುವುದೇ ಇದಕ್ಕೆ ಸಾಕಾದ ಉಪಾಯ. ಇಲಿಗೆ ಒಂದೆರಡು ವಾರ ಸಾಕು. ಕೊಬ್ಬಿದ ಹೇಂಟೆಯ ತೊಡೆಯೆಲುಬಿಗೆ ತಿಂಗಳುಗಳೇ ಹಿಡಿಯಬಹುದು. ಒಣಗಿಸಿ ಬೆಳಕಿಗೆ ಹಿಡಿದಾಗ ಎಣ್ಣೆ ಬಿದ್ದ ಕಾಗದದಂತಹ ಅರೆಪಾರದರ್ಶಕವಾದ ಕಲೆಗಳು ಎಲ್ಲಿಯಾದರೂ ಕಂಡರೆ ಮತ್ತೆ ಸಾಬೂನಿನ ನೀರಿಗೇ ಹಾಕಬೇಕು. ಅಸಿಟೋನಿನಿಂದ ಈ ಕೆಲಸ ಬೇಗ ಆಗುವುದು ನಿಜ. ಆದರೆ ಅದರ ಆವಿ ಕಿಡಿ ತಗಲಿದೊಡನೆ ಹತ್ತಿಕೊಳ್ಳುವಂಥದು, ಅಡುಗೆಯ ಅನಿಲ ಉರಿಯುವ ಫ್ಲ್ಯಾಟಿನಲ್ಲಿ ಅದಕ್ಕೆ ಸ್ಥಳವಿಲ್ಲ.

ಬಿಳುಪಿಗೆ ಔಷಧದ ಅಂಗಡಿಯ ಹೈಡ್ರೊಜನ್ ಪೆರಾಕ್ಸೈಡ್ ಸಾಕು. ಇಪ್ಪತ್ತು ವಾಲ್ಯೂಮ್ ಎಂದು ಮಾರುವುದು ಶೇಕಡಾ 6ರ ದ್ರಾವಣ. ಅಷ್ಟೇ ನೀರನ್ನು ಬೆರೆಸಿದರೆ ಶೇಕಡಾ 3 ಆಗುತ್ತದೆ. ಗಾಜಿನ ಅಥವಾ ಪ್ಲಾಸ್ಟಿಕ್ಕಿನ ಪಾತ್ರೆಯಲ್ಲಿ, ಮುಚ್ಚಳವನ್ನು ಬಿಗಿಯದೆ, ಕೆಲವು ಗಂಟೆಗಳಿಂದ ಒಂದು ದಿನದವರೆಗೆ ಇಟ್ಟು, ಆಗಾಗ ನೋಡುತ್ತಿರಬೇಕು. ಬಿಗಿದರೆ ಒಳಗಿನ ಆಮ್ಲಜನಕವು ಪಾತ್ರೆಯನ್ನು ಒಡೆಯಬಹುದು. ಬಟ್ಟೆಗೆ ಹಾಕುವ ಕ್ಲೋರಿನ್ ಬ್ಲೀಚನ್ನಾಗಲಿ ನೆಲ ತೊಳೆಯುವ ಆಮ್ಲವನ್ನಾಗಲಿ ಎಂದಿಗೂ ಬಳಸಕೂಡದು. ಎಲುಬು ಅಂದಿಗೆ ಬೆಳ್ಳಗಾಗಿ ಕಂಡರೂ ಕೆಲವು ತಿಂಗಳಲ್ಲಿ ಸುಣ್ಣದ ಪುಡಿಯಾಗಿ ಉದುರುತ್ತದೆ. ಅತಿಬಿಳುಪಿನ ಆಸೆಯನ್ನು ನಾನು ಮೆಚ್ಚುವವನಲ್ಲ. ದಂತದ ನಸುಹಳದಿಯೇ ಎಲುಬಿನ ಸಹಜವರ್ಣ, ಇಲಿಯ ಬಾಚಿಹಲ್ಲುಗಳ ಮುಂಬದಿಯ ಕಿತ್ತಳೆಬಣ್ಣವಂತೂ ಕೊಳೆಯಲ್ಲ, ಎನಾಮಲಿನಲ್ಲಿರುವ ಕಬ್ಬಿಣದ ಗುರುತು. ಅದನ್ನು ಉಜ್ಜಿ ಅಳಿಸುವುದು ಪ್ರಾಣಿಯ ಬಗೆಗಿನ ಒಂದು ಸತ್ಯವನ್ನೇ ಅಳಿಸಿದಂತೆ. ನೋಯ್ಡಾ, ಗುರುಗ್ರಾಮಗಳ ಕೊಳವೆಬಾವಿಯ ನೀರು ಗಡಸಾದುದರಿಂದ ಒಣಗಿದ ಬಳಿಕ ಎಲುಬಿನ ಮೇಲೆ ಬಿಳಿಯ ಉಪ್ಪಿನ ಪೊರೆ ಉಳಿಯುತ್ತದೆ; ಕಡೆಯ ತೊಳೆತಕ್ಕೆ ಆರ್‌ಓ ಯಂತ್ರದ ನೀರನ್ನೇ ಬಳಸುವುದು ಉತ್ತಮ. ಅನಂತರ ಹಳೆಯ ಪಂಚೆಯ ಬಟ್ಟೆಯ ಮೇಲೆ ಹರಡಿ ಒಳಕೋಣೆಯ ನೆರಳಿನಲ್ಲಿ ನಿಧಾನವಾಗಿ ಒಣಗಿಸಬೇಕು. ಜೂನಿನ ಬಿಸಿಗಾಳಿಗೆ ಒಡ್ಡಿದರೆ ಹಲ್ಲುಗಳು ಉದ್ದುದ್ದಕ್ಕೆ ಸೀಳುವುದು ನಿಶ್ಚಯ.

ಜೋಡಣೆಯ ಕೆಲಸಕ್ಕೆ ಕುಳಿತಾಗಲೇ ಶ್ರಮದ ಫಲ ಕೈಗೆ ಬರುವುದು. ಇಲಿಯ ಕೆಳದವಡೆಯನ್ನು ಎತ್ತಿಕೊಂಡಾಗ ಅದರ ಬಾಚಿಹಲ್ಲು ತಾನಾಗಿ ಜಾರಿ ಹೊರಬರುವುದುಂಟು. ಹೊರಗೆ ಕಾಣುತ್ತಿದ್ದುದು ಅದರ ತುದಿಯಷ್ಟೇ, ಉಳಿದ ಭಾಗವು ಬಿಲ್ಲಿನಂತೆ ಬಾಗಿ, ಮೂರು ದವಡೆಹಲ್ಲುಗಳ ಬೇರುಗಳಡಿಯಲ್ಲಿ ಹಾಯ್ದು, ದವಡೆಯ ಹಿಂದುಗಡೆಯವರೆಗೂ ಹೋಗಿರುತ್ತದೆ. ಆಯುಷ್ಯವಿಡೀ ಬೆಳೆಯುವ ಹಲ್ಲಿಗೆ ಅಷ್ಟು ಉದ್ದದ ಒರೆ ಬೇಕೇ ಬೇಕು. ಬಾಚಿಹಲ್ಲಿಗೂ ದವಡೆಹಲ್ಲಿಗೂ ನಡುವೆ ದೊಡ್ಡ ಬಯಲು. ಒಟ್ಟು ಹಲ್ಲುಗಳು ಹದಿನಾರೇ. ಕತ್ತಿನಲ್ಲಿ ಏಳು ಮಣಿಗಳು: ಇಲಿಗೂ ಏಳು, ನಮಗೂ ಏಳು, ಜಿರಾಫೆಗೂ ಏಳು. ಆ ಬಳಿಕ ಪಕ್ಕೆಲುಬು ಹೊತ್ತ ಹದಿಮೂರು, ಸೊಂಟದ ಆರು, ಕೂಡಿಕೊಂಡ ನಾಲ್ಕು, ಮುಂದೆ ಬಾಲದ ಸಾಲು. ಮಣಿಯ ಮುಂಬದಿ ಹಿಂಬದಿಗಳು ಒಂದಕ್ಕೊಂದು ಹೊಂದಿ ಕೂತಾಗ ಕ್ರಮ ಸರಿಯೆಂದು ಬೆರಳಿಗೇ ತಿಳಿಯುತ್ತದೆ. ಕೋಳಿಯ ಕತ್ತಿನಲ್ಲಾದರೋ ಹದಿನಾಲ್ಕು ಮಣಿಗಳು. ಅದರ ಸೊಂಟದ ಮಣಿಗಳೆಲ್ಲ ಒಂದಾಗಿ ಬೆಸೆದು ಒಂದೇ ಫಲಕವಾಗಿರುತ್ತವೆ. ಎದೆಯ ನಡುವೆ ದೋಣಿಯ ಅಡಿಯಂತಹ ಏಣು. ಅದರ ಮೇಲೆ ಕವಲೆಲುಬು. ತಲೆಯನ್ನೂ ಉಳಿಸಿಕೊಂಡವರು ಕಣ್ಣುಗುಡ್ಡೆಯ ಸುತ್ತಲಿನ, ಕಾಗದದಷ್ಟು ತೆಳುವಾದ ಎಲುಬಿನ ತುಣುಕುಗಳ ಉಂಗುರವನ್ನು ಎಸೆಯದಂತೆ ನೋಡಿಕೊಳ್ಳಬೇಕು.

ಅಂಟಿಗೆ ಬಿಳಿಯ ಫೆವಿಕಾಲ್ ಸಾಕು, ತಪ್ಪಾಗಿ ಕೂಡಿಸಿದ್ದನ್ನು ಒದ್ದೆಮಾಡಿ ಬಿಡಿಸಬಹುದು. ಕ್ಷಣದಲ್ಲಿ ಕಚ್ಚುವ ಅಂಟುಗಳು ಒಮ್ಮೆ ಹಿಡಿದರೆ ಎಲುಬನ್ನು ಮುರಿಯದೆ ಬಿಡವು. ಸಂಗ್ರಹಾಲಯಗಳವರು ಪ್ಯಾರಾಲಾಯ್ಡ್ ಬಿ-72 ಎಂಬ ರಾಳವನ್ನು ಅಸಿಟೋನಿನಲ್ಲಿ ಕರಗಿಸಿ ಬಳಸುವುದೂ, ಬೇಕೆಂದಾಗ ಬಿಡಿಸಬಹುದೆಂಬ ಇದೇ ಕಾರಣಕ್ಕಾಗಿ. ಬೆನ್ನುಸಾಲಿಗೆ ತಂತಿ ಪೋಣಿಸುವವರು ತಾಮ್ರವನ್ನು ಬಿಟ್ಟು ತುಕ್ಕುಹಿಡಿಯದ ಉಕ್ಕಿನ ಸಣ್ಣ ತಂತಿಯನ್ನು ಆರಿಸಲಿ. ಉಳಿದ ಜಿಡ್ಡಿಗೆ ತಾಮ್ರವು ಹಸಿರು ಕಟ್ಟುತ್ತದೆ. ನಿಜವಾಗಿ ನೋಡಿದರೆ ಕಲಿಯುವವರಿಗೆ ಎಲುಬುಗಳನ್ನು ಬಿಡಿಯಾಗಿಯೇ ಇಟ್ಟು, ಬೇಕಾದಾಗ ಹರಡಿ ಮತ್ತೆ ಎತ್ತಿಡುವುದು ಹೆಚ್ಚು ಪ್ರಯೋಜನಕಾರಿ. ನಿಂತ ಭಂಗಿಯ ಪಂಜರವು ಕಣ್ಣಿಗೆ ಚೆಂದ, ಕೈಗೆ ದೂರ.

ನವೆಂಬರಿನ ಹೊಗೆಮಂಜು, ಮೇ ತಿಂಗಳಿನ ಧೂಳುಬಿರುಗಾಳಿ, ಆಗಸ್ಟಿನ ತೇವ, ಈ ಮೂರರಿಂದಲೂ ಕಾಪಾಡಬೇಕಾದರೆ ಬಿಗಿಮುಚ್ಚಳದ ಪೆಟ್ಟಿಗೆಯೇ ಬೇಕು. ಒಳಗೆ ಸಿಲಿಕಾ ಜೆಲ್ಲಿನ ಪೊಟ್ಟಣ, ಸಣ್ಣ ಎಲುಬುಗಳಿಗೆ ಬೇರೆಬೇರೆ ಡಬ್ಬಿಗಳು, ಪ್ರತಿಯೊಂದರಲ್ಲೂ ಪೆನ್ಸಿಲಿನ ಚೀಟಿ, ದೊಡ್ಡ ಎಲುಬುಗಳ ಮೇಲೆ ಕಪ್ಪು ಇಂಡಿಯನ್ ಶಾಯಿಯಿಂದ ಕ್ರಮಸಂಖ್ಯೆ. ಹತ್ತಿಯ ಎಳೆಗಳು ಹಲ್ಲುಗಳಿಗೂ ಬೆರಳೆಲುಬುಗಳಿಗೂ ಸಿಕ್ಕಿಕೊಂಡು ಎತ್ತುವಾಗ ಮುರಿಯುವುದರಿಂದ, ಮೆತ್ತೆಗೆ ತೆಳುವಾದ ಟಿಶ್ಯೂ ಕಾಗದವೇ ವಾಸಿ. ವರ್ಷಕ್ಕೊಮ್ಮೆ, ಮಳೆ ನಿಂತ ಮೇಲೆ, ದಸರೆಯ ಹೊತ್ತಿಗೆ, ಪೆಟ್ಟಿಗೆಯನ್ನು ತೆರೆದು ಪರೀಕ್ಷಿಸಬೇಕು. ಬೂಷ್ಟು ಕಂಡರೆ ಒಣ ಕುಂಚದಿಂದ ಒರೆಸಿ ಜೆಲ್ಲನ್ನು ಬದಲಾಯಿಸಿದರಾಯಿತು. ಹಳದಿ ಜಿಡ್ಡು ಕಂಡರೆ ಸಾಬೂನಿನ ನೀರಿನ ಹಂತಕ್ಕೆ ಮರಳಬೇಕು. ಕಂದುಬಣ್ಣದ ಪುಡಿಯೋ ಹುಳುವಿನ ಪೊರೆಯೋ ಕಂಡರೆ, ಪ್ಲಾಸ್ಟಿಕ್ ಚೀಲದಲ್ಲಿ ಗಾಳಿಯಾಡದಂತೆ ಕಟ್ಟಿ, ಆಹಾರವಿಡದ ಶೈತ್ಯಪೆಟ್ಟಿಗೆಯೊಂದರಲ್ಲಿ ಎರಡು ವಾರ ಹೆಪ್ಪುಗಟ್ಟುವ ಚಳಿಯಲ್ಲಿರಿಸಿ, ಚೀಲವನ್ನು ಬಿಚ್ಚದೆಯೇ ಹೊರಗಿನ ಉಷ್ಣತೆಗೆ ಬರಲು ಬಿಟ್ಟು ಅನಂತರ ತೆರೆಯತಕ್ಕದ್ದು. ಸರ್ಕಾರಿ ನೌಕರಿಯ ವರ್ಗಾವಣೆಯಿಂದ ದಿಲ್ಲಿಯನ್ನು ಬಿಡುವ ಸಂಸಾರಗಳು ತಮ್ಮ ಸಂಗ್ರಹವನ್ನು ಮಕ್ಕಳು ಓದಿದ ಶಾಲೆಗೆ ಕೊಡಬಯಸಿದರೆ, ದಾಖಲೆಯ ಪುಸ್ತಕದ ಪ್ರತಿಯೊಂದನ್ನು ಪೆಟ್ಟಿಗೆಯೊಡನೆಯೇ ಕೊಟ್ಟು, ಪ್ರತಿ ಚೀಟಿಯ ಸಂಖ್ಯೆಯೂ ಪುಸ್ತಕದ ಸಂಖ್ಯೆಯೂ ತಾಳೆಯಾಗುವುದನ್ನು ವಿಜ್ಞಾನದ ಉಪಾಧ್ಯಾಯರ ಎದುರಿನಲ್ಲಿಯೇ ನೋಡಿ ಒಪ್ಪಿಸಬೇಕು.